ಗಾಣದ ಉಳಿಕೆ, ಗೋದಲಿಯ ಊಟ

ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಊರುಗಳಲ್ಲಿ ಮನೆಗೆ ದುಡ್ಡು ಬರುವ ದಾರಿ ಎರಡು. ಒಂದು ಕಬ್ಬಿನದು. ಅದು ವರ್ಷಕ್ಕೊಮ್ಮೆ, ಅದೂ ಕಾರ್ಖಾನೆಯವರು ಬಿಲ್ ಹಾಕಿದಾಗ. ಇನ್ನೊಂದು ಹಾಲಿನದು. ಇದು ವಾರಕ್ಕೋ ಹತ್ತು ದಿನಕ್ಕೋ ತಪ್ಪದೆ ಬರುವ ಬಟವಾಡೆ. ಕಬ್ಬಿನ ದುಡ್ಡು ಸಾಲಕ್ಕೆ, ಮದುವೆಗೆ, ಬೋರಿಗೆ ಹೋದರೆ, ಹಾಲಿನ ದುಡ್ಡು ಕಿರಾಣಿಗೆ, ಔಷಧಿಗೆ, ಮಕ್ಕಳ ಫೀಸಿಗೆ, ಕಾಲೇಜಿನ ಬಸ್ ಪಾಸಿಗೆ ಹೋಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಮಗ ಪಿಯುಸಿಗೆ ಹೋಗುವುದೂ ಮಗಳು ಡಿಗ್ರಿ ಮುಗಿಸುವುದೂ ಕೊಟ್ಟಿಗೆಯಲ್ಲಿ ಕಟ್ಟಿದ ಒಂದೆರಡು ಆಕಳು-ಎಮ್ಮೆಗಳ ಮೇಲೆ ನಿಂತಿರುತ್ತವೆ.

ಆದರೆ ಹಾಲಿನ ದುಡ್ಡಿನಲ್ಲಿ ದೊಡ್ಡ ಪಾಲು ಮನೆಗೆ ಬರುವ ಮೊದಲೇ ತಿರುಗಿ ಹೋಗುತ್ತದೆ. ಹಾಲು ಉತ್ಪಾದನೆಯ ಖರ್ಚಿನಲ್ಲಿ ನೂರಕ್ಕೆ 60ರಿಂದ 70ರಷ್ಟು ಮೇವು ಮತ್ತು ಪಶು ಆಹಾರದ್ದೇ. ಅದರಲ್ಲೂ ಅತಿ ತುಟ್ಟಿಯಾದ ಭಾಗ ಪ್ರೊಟೀನ್. ಹಿಂಡಿಯ ಚೀಲದ ದರ ಏರಿದಾಗ ಹಾಲಿನ ದರ ಅದೇ ವೇಗದಲ್ಲಿ ಏರುವುದಿಲ್ಲ. ಆಗ ಮನೆಯವರು ಮಾಡುವ ಮೊದಲ ಉಳಿತಾಯ ಯಾವುದು? ಹಿಂಡಿಯ ಬೊಗಸೆ ಕಡಿಮೆ ಮಾಡುವುದು! ಹದಿನೈದು ದಿನದಲ್ಲಿ ಹಾಲು ಇಳಿಯುತ್ತದೆ, ಆಕಳು ಬಡಕಲಾಗುತ್ತದೆ, ಹೊತ್ತಿಗೆ ಸರಿಯಾಗಿ ಬೆದೆಗೆ ಬರುವುದಿಲ್ಲ, ಗಬ್ಬ ನಿಲ್ಲುವುದಿಲ್ಲ. ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಹಾಗಾದರೆ ದಾರಿ ಯಾವುದು? ದಾರಿ ದೂರದಲ್ಲೇನೂ ಇಲ್ಲ. ಈ ಐದೂ ತಾಲ್ಲೂಕುಗಳ ಗಾಣ, ಗಿರಣಿ, ಕಣಗಳಲ್ಲಿ ಮನುಷ್ಯರು ತಮಗೆ ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿಯುವ ವಸ್ತುಗಳಲ್ಲಿ ಅದು ಅಡಗಿದೆ. ಆದರೆ ಯಾವುದನ್ನು, ಎಷ್ಟು, ಹೇಗೆ ತಿನ್ನಿಸಬೇಕು ಎನ್ನುವುದಕ್ಕೆ ಸ್ವಲ್ಪ ಲೆಕ್ಕ, ಸ್ವಲ್ಪ ರಸಾಯನಶಾಸ್ತ್ರ ಗೊತ್ತಿರಬೇಕು. ಇವೆರಡನ್ನೂ ಹೈಸ್ಕೂಲಿನ ಮಕ್ಕಳು ಕಲಿಯುತ್ತಲೇ ಇದ್ದಾರೆ.

ಹೊಟ್ಟೆ ತುಂಬಿದರೂ ಹಸಿವು

ಬೆಳಗಾವಿ ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ. ನುರಿಸುವ ಹಂಗಾಮು ಸುರುವಾಯಿತೆಂದರೆ ಕಬ್ಬಿನ ತುದಿಯ ಹಸಿರು ಸೋಗೆಗೆ ಬರವಿಲ್ಲ. ಕಟಾವಿನ ಗ್ಯಾಂಗಿನವರು ಹೊರೆ ಕಟ್ಟಿ ಮಾರುವುದೂ ಉಂಟು. ದನಗಳು ಪ್ರೀತಿಯಿಂದ ತಿನ್ನುತ್ತವೆ, ಹೊಟ್ಟೆಯೂ ತುಂಬುತ್ತದೆ. ಆದರೆ ಒಣತೂಕದ ಲೆಕ್ಕದಲ್ಲಿ ಅದರಲ್ಲಿರುವ ಪ್ರೊಟೀನ್ ನೂರಕ್ಕೆ ಐದರ ಆಸುಪಾಸು. ಅಥಣಿಯ ಪೂರ್ವಭಾಗದ ಒಣಭೂಮಿಯ ಜೋಳದ ಕಣಿಕೆಯಲ್ಲಿ ಅದಕ್ಕಿಂತಲೂ ಕಡಿಮೆ. ದನದ ಹೊಟ್ಟೆಯೊಳಗಿನ ಜೀರ್ಣಕ್ರಿಯೆ ಸರಿಯಾಗಿ ನಡೆಯಬೇಕಾದರೆ ತಿಂದ ಮೇವಿನಲ್ಲಿ ಕನಿಷ್ಠ ನೂರಕ್ಕೆ ಏಳರಷ್ಟಾದರೂ ಪ್ರೊಟೀನ್ ಬೇಕು. ಸೋಗೆಯಲ್ಲಿ ಇನ್ನೊಂದು ತೊಡಕೂ ಇದೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರೀ ಸೋಗೆ ತಿನ್ನುವ ದನಕ್ಕೆ ಲವಣ ಮಿಶ್ರಣ ಕೊಡಲೇಬೇಕು ಎನ್ನುವುದು ಇದಕ್ಕೇ.

ಒಂದು ಲೆಕ್ಕ ಮಾಡಿ ನೋಡಬಹುದು. 400 ಕಿಲೋ ತೂಗುವ ಆಕಳಿಗೆ ತನ್ನ ಮೈ ನಿಭಾಯಿಸಲಿಕ್ಕೇ ದಿನಕ್ಕೆ ಸುಮಾರು 320 ಗ್ರಾಂ ಪ್ರೊಟೀನ್ ಬೇಕು. ಅದು ಕೊಡುವ ಪ್ರತಿ ಲೀಟರ್ ಹಾಲಿಗೆ, ಕೊಬ್ಬು ನೂರಕ್ಕೆ ನಾಲ್ಕರಷ್ಟು ಎಂದು ಹಿಡಿದರೆ, ಇನ್ನೂ ಸುಮಾರು 90 ಗ್ರಾಂ. ಹತ್ತು ಲೀಟರಿನ ಆಕಳಿಗೆ ಒಟ್ಟು 1,220 ಗ್ರಾಂ ಆಯಿತು. ದಿನಕ್ಕೆ 25 ಕಿಲೋ ಸೋಗೆ ತಿಂದರೆ ನೀರಿನಂಶ ಕಳೆದು ಉಳಿಯುವುದು 7 ಕಿಲೋ. ಅದರಲ್ಲಿ ಸಿಗುವ ಪ್ರೊಟೀನ್ 350 ಗ್ರಾಂ. ಅಂದರೆ ಸೋಗೆಯಿಂದ ಆಕಳು ಬದುಕುತ್ತದೆ, ಅಷ್ಟೇ. ಹತ್ತು ಲೀಟರ್ ಹಾಲಿಗೆ ಬೇಕಾದ 870 ಗ್ರಾಂ ಬೇರೆ ಕಡೆಯಿಂದಲೇ ಬರಬೇಕು.

ನಾಲ್ಕು ಕೋಣೆಯ ಅಡುಗೆಮನೆ

ಆ 870 ಗ್ರಾಂ ಎಲ್ಲಿಂದ ಬರಬೇಕು ಎನ್ನುವ ಮೊದಲು ಆಕಳ ಹೊಟ್ಟೆಯೊಳಗೆ ಇಣುಕಬೇಕು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಮೊದಲನೆಯದಾದ ರೂಮೆನ್ ಬೆಳೆದ ಆಕಳಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುವ ಹಂಡೆ. ಅದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳ ವಾಸ. ನಾವು ಜೀರ್ಣಿಸಲಾಗದ ಹುಲ್ಲು, ಹೊಟ್ಟುಗಳನ್ನು ಒಡೆಯುವುದು ಅವೇ. ತಿಂದ ಪ್ರೊಟೀನಿನ ಬಹುಭಾಗವನ್ನು ಅವು ಅಮೋನಿಯಾ ಆಗಿ ಒಡೆದು, ಆ ಅಮೋನಿಯಾದಿಂದ ತಮ್ಮದೇ ಮೈಯ ಪ್ರೊಟೀನ್ ಕಟ್ಟಿಕೊಳ್ಳುತ್ತವೆ. ಮುಂದೆ ನಾಲ್ಕನೆಯ ಕೋಣೆಗೂ ಸಣ್ಣ ಕರುಳಿಗೂ ಸಾಗಿದಾಗ ಆ ಸೂಕ್ಷ್ಮಜೀವಿಗಳೇ ಆಕಳಿಗೆ ಊಟ. ಆಕಳು ತನ್ನ ಹೊಟ್ಟೆಯಲ್ಲೇ ಪ್ರೊಟೀನಿನ ಬೆಳೆ ತೆಗೆಯುತ್ತದೆ ಎಂದರೂ ಸರಿಯೇ.

ಶಾಲೆಯ ಪುಸ್ತಕಗಳಲ್ಲಿ ಪ್ರೊಟೀನನ್ನು ‘ಸಸಾರಜನಕ’ ಎಂದು ಕರೆಯುತ್ತಾರಲ್ಲ, ಅದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ: ಸಾರಜನಕದಿಂದ ಕೂಡಿದ್ದು. ಫಿನ್ಲೆಂಡಿನ ವಿಜ್ಞಾನಿ ಆರ್ಟುರಿ ವಿರ್ಟಾನೆನ್ ಇದನ್ನು ಕೊನೆಯ ಅಂಚಿನವರೆಗೆ ಒಯ್ದು ಪರೀಕ್ಷಿಸಿದರು. ಹಸಿಮೇವು ಕೆಡದಂತೆ ಕಾಪಿಡುವ ವಿಧಾನಕ್ಕಾಗಿ 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು ಅವರು. ಪ್ರೊಟೀನೇ ಇಲ್ಲದ ಆಹಾರದ ಜೊತೆಗೆ ಯೂರಿಯಾ ಮತ್ತು ಅಮೋನಿಯಂ ಲವಣಗಳನ್ನಷ್ಟೇ ಕೊಟ್ಟರೂ ಆಕಳು ಹಾಲು ಕೊಡಬಲ್ಲದು ಎಂದು 1966ರಲ್ಲಿ ಅವರು ಪ್ರಕಟಿಸಿದರು. ಯಾವ ರೈತನೂ ಹಾಗೆ ಸಾಕಬೇಕಿಲ್ಲ. ಆದರೆ ಮನುಷ್ಯನ ತಟ್ಟೆಗೆ ಬಾರದ ವಸ್ತುವನ್ನು ಹಾಲಾಗಿಸುವ ಶಕ್ತಿ ಆ ಹಂಡೆಗಿದೆ ಎನ್ನುವುದು ಅದರಿಂದ ಸಿದ್ಧವಾಯಿತು.

ತಾಲ್ಲೂಕಿಗೊಂದು ಬಗೆ

ಈ ಸೀಮೆಯ ಹಳೆಯ ಪರಿಚಿತರು ಎರಡು ಹಿಂಡಿಗಳು. ಒಂದು ಶೇಂಗಾ ಹಿಂಡಿ. ಎಣ್ಣೆ ತೆಗೆದ ಮೇಲೆ ಉಳಿಯುವ ಇದರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಪ್ರೊಟೀನ್. ಇನ್ನೊಂದು ಸರಕಿ ಹಿಂಡಿ, ಅಂದರೆ ಹತ್ತಿಕಾಳಿನದು. ಸಿಪ್ಪೆ ತೆಗೆಯದೆ ಹಿಂಡಿದ್ದರಲ್ಲಿ 20ರಿಂದ 24. ಎಮ್ಮೆ ಸಾಕುವವರಿಗೆ, ಅದರಲ್ಲೂ ಕತ್ತಿಯಂಥ ಉದ್ದ ಕೊಂಬಿನ ಪಂಢರಪುರಿ ಎಮ್ಮೆ ಕಟ್ಟಿದವರಿಗೆ, ಸರಕಿಯ ಮೇಲೆ ಬಲು ನಂಬಿಕೆ.

ನಿಪ್ಪಾಣಿ-ಚಿಕ್ಕೋಡಿ ಭಾಗದಲ್ಲಿ ಮುಂಗಾರಿಗೆ ಸೋಯಾಬೀನ್ ಸಾಮಾನ್ಯ. ಎಣ್ಣೆ ತೆಗೆದ ಸೋಯಾ ಹಿಂಡಿಯಲ್ಲಿ ಪ್ರೊಟೀನ್ 44ರಿಂದ 48. ಗುಣದಲ್ಲಿ ಇದಕ್ಕೆ ಸಾಟಿ ಕಡಿಮೆ, ಆದರೆ ಕೋಳಿ ಸಾಕಣೆಯವರ ಪೈಪೋಟಿಯಿಂದ ದರ ಯಾವಾಗಲೂ ಮೇಲೆ. ಸೂರ್ಯಕಾಂತಿ ಹಿಂಡಿಯಲ್ಲಿ 28ರ ಸುಮಾರು, ಜೊತೆಗೆ ನಾರು ಹೆಚ್ಚು. ಅಥಣಿಯ ಒಣಭೂಮಿಯ ತೊಗರಿ, ಕಡಲೆಗಳಿಂದ ಬೇಳೆ ಮಾಡುವಾಗ ಉದುರುವ ಸಿಪ್ಪೆ ಮತ್ತು ನುಚ್ಚು, ಅಂಗಡಿಯವರು ‘ಚುನಿ’ ಎಂದು ಮಾರುವುದು, 15ರಿಂದ 20ರಷ್ಟು ಪ್ರೊಟೀನ್ ಕೊಡುತ್ತದೆ. ಗೋವಿನಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆಗಳಿಂದ ಗ್ಲುಟೆನ್ ಬರುತ್ತದೆ.

ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸಂಗತಿಯೊಂದು ಕುತೂಹಲದ್ದು. ತಂಬಾಕಿನ ಎಲೆಯಲ್ಲಿ ನಿಕೋಟಿನ್ ತುಂಬಿದ್ದರೂ ಬೀಜದಲ್ಲಿ ಅದಿಲ್ಲ! ಬೀಜದ ಎಣ್ಣೆ ತೆಗೆದುಳಿದ ಹಿಂಡಿಯನ್ನು ಆಂಧ್ರ, ಗುಜರಾತ್‌ಗಳಲ್ಲಿ ದನಕ್ಕೆ ಹಾಕುವುದುಂಟು. ಆದರೆ ನಿಪ್ಪಾಣಿಯ ಬೀಡಿ ತಂಬಾಕಿನ ಹೊಲದಲ್ಲಿ ಎಲೆ ದಪ್ಪವಾಗಲೆಂದು ಹೂಮೊಗ್ಗು ಚಿವುಟುವುದರಿಂದ ಬೀಜವೇ ಹೆಚ್ಚು ಸಿಗುವುದಿಲ್ಲ. ಇನ್ನು ತಂಬಾಕಿನ ಕಡ್ಡಿ, ಪುಡಿ, ಎಲೆಗಳ ಮಾತು ಬೇರೆ. ಅವು ವಿಷ. ಗೋದಲಿಯ ಹತ್ತಿರಕ್ಕೂ ತರಬಾರದು.

ಹೊಸ ಚೀಲ ಬಂದಿದೆ

ಕೆಲವು ವರ್ಷಗಳಿಂದ ಪಶು ಆಹಾರದ ಅಂಗಡಿಗಳಲ್ಲಿ ಒಂದು ಹೊಸ ಹೆಸರು ಕೇಳಿಬರುತ್ತಿದೆ. ಅದು ಡಿಡಿಜಿಎಸ್. ಕಾಳನ್ನು ಹುಳಿಸಿ ಮದ್ಯಸಾರ ತೆಗೆದ ಮೇಲೆ ಉಳಿಯುವ ಚರಟವನ್ನು ಒಣಗಿಸಿದ್ದು. ಇದರ ಬೆನ್ನಿಗೆ ದೇಶದ ಇಂಧನ ನೀತಿಯ ಕತೆಯೇ ಇದೆ. 2018ರ ಜೈವಿಕ ಇಂಧನ ನೀತಿ ಹಾಳಾದ ಮತ್ತು ಹೆಚ್ಚುವರಿ ಕಾಳುಗಳಿಂದ ಎಥನಾಲ್ ಮಾಡಲು ದಾರಿ ತೆರೆಯಿತು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಿದಾಗ ಡಿಸ್ಟಿಲರಿಗಳು ಗೋವಿನಜೋಳದತ್ತ ಹೊರಳಿದವು. 2025ರಲ್ಲಿ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ ಮುಟ್ಟಿತು. ವಾಹನಗಳ ಟ್ಯಾಂಕಿಗೆ ಹೋದ ಗೋವಿನಜೋಳದ ಉಳಿಕೆ ಈಗ ಗೋದಲಿಗೆ ಬರುತ್ತಿದೆ.

ಇಲ್ಲಿನ ಲೆಕ್ಕ ಸರಳ. ಗೋವಿನಜೋಳದಲ್ಲಿ ಸುಮಾರು ಮೂರನೇ ಎರಡು ಪಾಲು ಪಿಷ್ಟ. ಅದು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೋದ ಮೇಲೆ ಉಳಿಯುವುದು ಮೂರನೇ ಒಂದು ಪಾಲು. ಹಾಗಾಗಿ ಕಾಳಿನಲ್ಲಿ ನೂರಕ್ಕೆ 9ರಷ್ಟಿದ್ದ ಪ್ರೊಟೀನ್ ಉಳಿಕೆಯಲ್ಲಿ ಮೂರು ಪಟ್ಟು, ಅಂದರೆ 27ರ ಆಸುಪಾಸಿಗೆ ಏರುತ್ತದೆ. ಅಕ್ಕಿಯಿಂದ ಬಂದದ್ದಾದರೆ ಇನ್ನೂ ಹೆಚ್ಚು. ದರವೂ ಹಿಂಡಿಗಿಂತ ಕಡಿಮೆ. ಆದರೆ ಮೂರು ಪಟ್ಟಾಗುವುದು ಪ್ರೊಟೀನ್ ಮಾತ್ರವಲ್ಲ. ಕಾಳಿಗೆ ಬೂಷ್ಟು ಹಿಡಿದಿದ್ದರೆ ಅದರ ವಿಷವೂ ಮೂರು ಪಟ್ಟು! ಹುಳಿಸಿದರೂ ಬಟ್ಟಿ ಇಳಿಸಿದರೂ ಆ ವಿಷ ಹೋಗುವುದಿಲ್ಲ.

ಬೂಷ್ಟಿನಿಂದ ಹಾಲಿನವರೆಗೆ

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ಈ ವಿಷಕ್ಕೆ ಅದರ ಹೆಸರಿನಿಂದಲೇ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಇದು ಯಕೃತ್ತಿಗೆ ಹಾನಿ ಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಆಕಳು ತಿಂದರೆ ಒಂದು ಪಾಲು ರೂಪ ಬದಲಿಸಿ ಒಂದೇ ದಿನದೊಳಗೆ ಹಾಲಿಗೆ ಬರುತ್ತದೆ. ಹಾಲಿನಲ್ಲಿ ಕಾಣುವ ಈ ರೂಪಕ್ಕೆ ಅಫ್ಲಾಟಾಕ್ಸಿನ್ ಎಂ-1 ಎಂದು ಹೆಸರು. ಹಾಲು ಕಾಯಿಸಿದರೆ ಹೋಗುವಂಥದ್ದಲ್ಲ.

ಇದು ಎಲ್ಲೋ ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ, ಅಂದರೆ ನೂರಕ್ಕೆ 5.7ರಲ್ಲಿ, ಈ ವಿಷ ಮಿತಿ ಮೀರಿತ್ತು. ಕೃಷ್ಣಾ ತೀರದ ಊರುಗಳಿಗಂತೂ ಈ ಎಚ್ಚರ ಹೆಚ್ಚು ಬೇಕು. 2005, 2019, 2021ರ ಮಹಾಪೂರಗಳಲ್ಲಿ ಇಲ್ಲಿ ಮನೆ, ಕೊಟ್ಟಿಗೆ, ಬಣವೆಗಳಿಗೆ ನೀರು ಹೊಕ್ಕಿತ್ತು. ನೀರಿಳಿದ ಮೇಲೆ ನೆನೆದ ಹಿಂಡಿಯ ಚೀಲವನ್ನು ಬಿಸಿಲಿಗೆ ಹಾಕಿ ‘ಒಣಗಿತಲ್ಲ, ದನಕ್ಕೇನು’ ಎನ್ನುವುದು ಸಹಜ. ಆದರೆ ಬಿಸಿಲು ತೇವವನ್ನು ತೆಗೆಯುತ್ತದೆಯೇ ಹೊರತು ಆಗಲೇ ಹುಟ್ಟಿದ ವಿಷವನ್ನಲ್ಲ. ದನಕ್ಕೆ ಹಾಕಿದ್ದು ಎರಡು ದಿನದಲ್ಲಿ ಮನೆಯ ಮಗುವಿನ ಲೋಟಕ್ಕೆ ಬರುತ್ತದೆ. ಒಳ್ಳೆಯ ಸುದ್ದಿಯೂ ಒಂದಿದೆ: ಬೂಷ್ಟಿನ ಆಹಾರ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.

ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡುವುದು, ಮಳೆಗಾಲದಲ್ಲಿ ತಿಂಗಳಿಗೆ ಬೇಕಾದಷ್ಟೇ ಕೊಳ್ಳುವುದು, ಹಳೆಯದನ್ನು ಮೊದಲು ಖಾಲಿ ಮಾಡುವುದು, ಹೆಪ್ಪುಗಟ್ಟಿದ, ಮುಗ್ಗಲು ನಾತದ ಹಿಂಡಿಯನ್ನು ಎಸೆದುಬಿಡುವುದು. ಇಷ್ಟನ್ನು ಮಾಡಲು ಹೆಚ್ಚಿನ ಖರ್ಚೇನೂ ಇಲ್ಲ.

ಬೆರೆಸಬಾರದ್ದು, ಮೀರಬಾರದ್ದು

ಸರಕಿ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಸ್ತು ಇರುತ್ತದೆ. ಬೆಳೆದ ಆಕಳ ರೂಮೆನ್ ಅದರ ವಿಷವನ್ನು ಬಹುಮಟ್ಟಿಗೆ ಮುರಿಯುತ್ತದೆ. ರೂಮೆನ್ ಇನ್ನೂ ಬೆಳೆಯದ ಎಳೆಗರುವಿಗೆ ಆ ರಕ್ಷಣೆ ಇಲ್ಲ, ಅದರ ಹೃದಯಕ್ಕೇ ಪೆಟ್ಟು ಬೀಳಬಹುದು. ಬೀಜದ ಹೋರಿಗೂ ಇದು ಒಳ್ಳೆಯದಲ್ಲ.

ಯೂರಿಯಾದ ಮಾತಿಗೆ ಬಂದರೆ ಲೆಕ್ಕ ಬೆರಗು ಹುಟ್ಟಿಸುತ್ತದೆ. ಪ್ರೊಟೀನಿನಲ್ಲಿ ಸಾರಜನಕ ಸುಮಾರು ನೂರಕ್ಕೆ 16. ಆದ್ದರಿಂದ ಪ್ರಯೋಗಶಾಲೆಯಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸಿ ಪ್ರೊಟೀನ್ ಇಷ್ಟೆಂದು ಬರೆಯುತ್ತಾರೆ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಕೊಟ್ಟ ಸಾರಜನಕ ಅಳೆಯುವ ವಿಧಾನವೇ ಇದರ ತಳಹದಿ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಗುಣಿಸಿದರೆ 287! ಅಂದರೆ ಚೀಲಕ್ಕೆ ಒಂದಿಷ್ಟು ಯೂರಿಯಾ ಬೆರೆಸಿದರೂ ಕಾಗದದ ಮೇಲೆ ಪ್ರೊಟೀನ್ ಏರುತ್ತದೆ. ಚೀನಾದಲ್ಲಿ 2008ರಲ್ಲಿ ಶಿಶುಗಳ ಹಾಲಿನಪುಡಿಗೆ ಮೆಲಮಿನ್ ಬೆರೆಸಿದವರು ಬಳಸಿಕೊಂಡದ್ದೂ ಇದೇ ಸಂದನ್ನು. ಚೀಟಿಯ ಮೇಲಿನ ಅಂಕಿಯೊಂದನ್ನೇ ನಂಬಬಾರದು ಎನ್ನುವುದು ಇದಕ್ಕೇ.

ಸರಿಯಾಗಿ ಬಳಸಿದರೆ ಯೂರಿಯಾ ಉಪಕಾರಿಯೇ. 100 ಕಿಲೋ ಗೋಧಿ ಹೊಟ್ಟು ಅಥವಾ ಭತ್ತದ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಕರಗಿಸಿ ಸಮನಾಗಿ ಸಿಂಪಡಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಹುಲ್ಲು ಮೆತ್ತಗಾಗುತ್ತದೆ, ಅದರ ಪ್ರೊಟೀನಿನ ಮಟ್ಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತಿನ್ನಿಸುವ ಮೊದಲು ಹರಡಿ ಗಾಳಿಗೆ ಆರಿಸಬೇಕು. ಸಕ್ಕರೆ ಕಾರ್ಖಾನೆಯ ಕಾಕಂಬಿಗೆ ಯೂರಿಯಾ, ಲವಣ ಸೇರಿಸಿ ಮಾಡುವ ನೆಕ್ಕುವ ಇಟ್ಟಿಗೆಯೂ ಉಂಟು. ದನ ಸ್ವಲ್ಪಸ್ವಲ್ಪವೇ ನೆಕ್ಕುವುದರಿಂದ ಅಪಾಯ ಕಡಿಮೆ. ಆದರೆ ಯೂರಿಯಾವನ್ನು ಕುಡಿಯುವ ನೀರಿಗೆ ಹಾಕಬಾರದು, ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು, ಹಸಿ ಸೋಯಾಕಾಳಿನ ಹಿಟ್ಟಿನೊಂದಿಗೆ ಬೆರೆಸಬಾರದು. ಹಸಿ ಸೋಯಾದಲ್ಲಿರುವ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಮ್ಮೆಲೇ ಅಮೋನಿಯಾ ಮಾಡಿಬಿಡುತ್ತದೆ. ದನಕ್ಕೆ ನಡುಕ, ಜೊಲ್ಲು, ಹೊಟ್ಟೆಯುಬ್ಬರ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು. 1962 ಸಂಖ್ಯೆಯ ಪಶು ಸಹಾಯವಾಣಿ ಇರುವುದೇ ಇಂಥ ಹೊತ್ತಿಗೆ.

ಎಷ್ಟೇ ಒಳ್ಳೆಯ ಹೊಸ ಆಹಾರವಾದರೂ ಒಮ್ಮೆಲೇ ಬದಲಿಸಬಾರದು. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಹೊಂದಿಕೊಳ್ಳಲು ಹತ್ತು-ಹದಿನೈದು ದಿನ ಬೇಕು.

ಅಜೋಲಾದ ಭ್ರಮೆ

‘ನೀರಿನಲ್ಲಿ ಬೆಳೆಯುವ ಚಿನ್ನ’ ಎಂಬಂತೆ ಅಜೋಲಾ ಸಸ್ಯವನ್ನು ಹೊಗಳುವುದುಂಟು. ಒಣತೂಕದಲ್ಲಿ ಪ್ರೊಟೀನ್ 22ರಿಂದ 25 ಎನ್ನುವುದು ನಿಜವೇ. ಆದರೆ ಹಸಿ ಅಜೋಲಾದಲ್ಲಿ ನೂರಕ್ಕೆ 94 ನೀರು. ದಿನಕ್ಕೆ 2 ಕಿಲೋ ಹಾಕಿದರೆ ಸಿಗುವ ಒಣವಸ್ತು 120 ಗ್ರಾಂ, ಪ್ರೊಟೀನ್ 30 ಗ್ರಾಂಗಿಂತ ಕಡಿಮೆ. 70 ಗ್ರಾಂ ಶೇಂಗಾ ಹಿಂಡಿಯೂ ಅಷ್ಟನ್ನೇ ಕೊಡುತ್ತದೆ. ಅಜೋಲಾ ಬೆಳೆಸುವುದು ತಪ್ಪಲ್ಲ, ಹಿಂಡಿ ಬಿಟ್ಟು ಅದನ್ನು ನಂಬುವುದು ತಪ್ಪು.

ಮನೆಯಲ್ಲೇ ಮಾಡುವ ಲೆಕ್ಕ

ಹಾಗಾದರೆ ಕೊಳ್ಳುವಾಗ ನೋಡಬೇಕಾದದ್ದು ಚೀಲದ ದರವಲ್ಲ, ಒಂದು ಕಿಲೋ ಪ್ರೊಟೀನಿನ ದರ. ಕಿಲೋದ ದರವನ್ನು ಪ್ರೊಟೀನಿನ ಶೇಕಡಾ ಅಂಕಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅದು ಸಿಗುತ್ತದೆ. ಲೆಕ್ಕ ಕಲಿಯಲಿಕ್ಕಾಗಿ ಕೆಲವು ದರ ಹಿಡಿಯೋಣ. ಪೇಟೆಯ ದರ ದಿನದಿನಕ್ಕೂ ಬೇರೆ. 30 ರೂಪಾಯಿಗೆ ಕಿಲೋ ಸಿಗುವ, 20ರಷ್ಟು ಪ್ರೊಟೀನಿನ ಸಿದ್ಧ ಆಹಾರದಲ್ಲಿ ಪ್ರೊಟೀನಿನ ದರ ಕಿಲೋಗೆ 150 ರೂಪಾಯಿ. 48 ರೂಪಾಯಿಯ, 42ರಷ್ಟು ಪ್ರೊಟೀನಿನ ಶೇಂಗಾ ಹಿಂಡಿಯಲ್ಲಿ 114 ರೂಪಾಯಿ. 20 ರೂಪಾಯಿಯ, 28ರಷ್ಟು ಪ್ರೊಟೀನಿನ ಡಿಡಿಜಿಎಸ್‌ನಲ್ಲಿ 71 ರೂಪಾಯಿ. ತುಟ್ಟಿಯೆಂದು ಕಂಡ ಹಿಂಡಿ ಸೋವಿಯಾಗಿರಬಹುದು, ಸೋವಿಯೆಂದು ಕಂಡ ಚೀಲ ತುಟ್ಟಿಯಾಗಿರಬಹುದು.

ಇನ್ನು ಆ 870 ಗ್ರಾಂ ಕೊರತೆ. ಒಂದು ಕಿಲೋ ಶೇಂಗಾ ಹಿಂಡಿಯಿಂದ 420, ಒಂದು ಕಿಲೋ ಸರಕಿ ಹಿಂಡಿಯಿಂದ 220, ಒಂದೂವರೆ ಕಿಲೋ ತೊಗರಿ ಚುನಿಯಿಂದ 240. ಕೂಡಿಸಿದರೆ 880 ಗ್ರಾಂ! ಇದರ ಜೊತೆ ಶಕ್ತಿಗಾಗಿ ಗೋವಿನಜೋಳದ ನುಚ್ಚು, ಲವಣ ಮಿಶ್ರಣ, ಉಪ್ಪು, ಬೇಕಾದಷ್ಟು ನೀರು ಬೇಕು. ಬರೀ ಪ್ರೊಟೀನ್ ಸುರಿದರೆ ಹಾಲಾಗುವುದಿಲ್ಲ. ಶಕ್ತಿ ಸಾಲದಾದರೆ ಹೆಚ್ಚಿನ ಸಾರಜನಕ ಉಚ್ಚೆಯಲ್ಲಿ ಹೋಗುತ್ತದೆ, ದುಡ್ಡೂ ಅದರೊಂದಿಗೆ ಹೋಗುತ್ತದೆ.

ಇದು ಮಾದರಿ ಲೆಕ್ಕ. ಆಕಳ ತೂಕ, ಹಾಲು, ಗಬ್ಬದ ತಿಂಗಳು ನೋಡಿ ಇದನ್ನು ತಿದ್ದಿಕೊಡಲು ಪಶುವೈದ್ಯರಿದ್ದಾರೆ. ಜಿಲ್ಲೆಯ ತುಕ್ಕಾನಟ್ಟಿ ಮತ್ತು ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ಕೆಲಸವೇ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದು.

ಓದುವವರಿಗೊಂದು ದಾರಿ

ದನ ಕಾಯುವುದು ಓದು ಬಾರದವರ ಕೆಲಸ ಎನ್ನುವ ಮಾತು ಹಳ್ಳಿಯಲ್ಲಿ ಇನ್ನೂ ಇದೆ. ಆದರೆ ಮೇಲಿನ ಒಂದೊಂದು ಸಾಲಿನ ಹಿಂದೆಯೂ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಗಣಿತ ಇವೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದವರಿಗೆ ಐದೂವರೆ ವರ್ಷದ ಪಶುವೈದ್ಯಕೀಯ ಪದವಿ ಇದೆ. ಹೈನು ತಂತ್ರಜ್ಞಾನ, ಕೃಷಿ ಪದವಿಗಳೂ ಇವೆ. ರಾಜ್ಯದಲ್ಲಿ ಕೃಷಿಕರ ಮಕ್ಕಳಿಗೆ ಈ ಕೋರ್ಸುಗಳಲ್ಲಿ ಪ್ರತ್ಯೇಕ ಮೀಸಲು ಸೀಟುಗಳಿದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಕೊಟ್ಟಿಗೆಯಲ್ಲಿ ಬೆಳೆದ ಮಕ್ಕಳಿಗೆ ಅದು ಕಷ್ಟದ ಪರೀಕ್ಷೆಯೇನಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜೊಂದು ಈಗ ಅಥಣಿ ತಾಲ್ಲೂಕಿನಲ್ಲೇ ಇದೆ.

ಅಷ್ಟು ದೂರ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಆರಂಭಿಸಬಹುದು. ಒಂದು ನೋಟುಬುಕ್ಕಿನಲ್ಲಿ ದಿನದ ಹಾಲು, ಡೇರಿಯ ಚೀಟಿಯಲ್ಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಹಾಕಿದ ಹಿಂಡಿಯ ತೂಕ, ಕೊಟ್ಟ ದುಡ್ಡು ಇಷ್ಟನ್ನು ಮೂರು ತಿಂಗಳು ಬರೆದಿಡುವುದು. ಮುಂದಿನ ಚೀಲ ತರಲು ಪೇಟೆಗೆ ಹೊರಟ ತಂದೆಯ ಕೈಗೆ ಮಗಳೋ ಮಗನೋ ಆ ಪುಸ್ತಕ ಕೊಟ್ಟರೆ, ಅಂಗಡಿಯಲ್ಲಿ ಯಾವ ಚೀಲದ ಕಡೆ ಕೈ ತೋರಿಸಬೇಕು ಎನ್ನುವುದು ಮನೆಯಲ್ಲೇ ತೀರ್ಮಾನವಾಗಿರುತ್ತದೆ.